ಬೋಳುಗತ್ತಿನ ಹೇಂಟೆಯ ಪಾಲು

ನಮ್ಮ ಕಡೆ ಮಳೆಗೆ ಬಯ್ಯುವವರು ಅಪರೂಪ. ಹಿರಿಯೂರಿನಲ್ಲಿ ಮೋಡ ಕಟ್ಟಿದರೆ ಜನ ಒಣಗಿಹಾಕಿದ ಬಟ್ಟೆ ತೆಗೆಯುವುದನ್ನೂ ಮರೆತು ಅಂಗಳಕ್ಕೆ ಬಂದು ಆಕಾಶ ನೋಡುತ್ತಾ ನಿಲ್ಲುತ್ತಾರೆ. ನಾನು ಮಾತ್ರ ಒಂದು ವರ್ಷ ಮಳೆಗೆ ಬಾಯಿ ತುಂಬ ಬೈದಿದ್ದೇನೆ. ಅದೂ ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದ ವರ್ಷ. ತಾಲ್ಲೂಕಿಗೆ ತಾಲ್ಲೂಕೇ ಕಣಿವೆಯ ಕಡೆ ಹೊರಟು, ಕೋಡಿಯ ನೀರಿಗೆ ಅರಿಸಿನ ಕುಂಕುಮ ಹಾಕಿ, ಫೋಟೊ ತೆಗೆಸಿಕೊಂಡು ಬರುತ್ತಿದ್ದಾಗ ನಾನು ಅಡುಗೆಮನೆ ಕಿಟಕಿಗೆ ಮುಖ ಇಟ್ಟು, "ಸಾಕು ನಿಲ್ಲಪ್ಪ ತಂದೆ, ಒಂದು ನಾಕು ದಿನ ಬಿಸಿಲು ಬಿಡು" ಎಂದು ಬೇಡುತ್ತಿದ್ದೆ. ನನ್ನ ಗಂಡ ಕೇಳಿಸಿಕೊಂಡು, "ಮೆಲ್ಲಗೆ ಅನ್ನು, ಓಣಿಯೋರಿಗೆ ಕೇಳಿದ್ರೆ ಮನೆ ಖಾಲಿ ಮಾಡಿಸ್ತಾರೆ" ಅಂದರು.

ಕಾರಣ ಕೋಳಿ. ಕೋಳಿ ಅಂದೆನೆಂದು ನಗುವವರು ನಗಲಿ. ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುವವರೂ ನಕ್ಕಿದ್ದರು. ಅವರಿಗೆ ಕೋಳಿ ಎಂದರೆ ಭಾನುವಾರ ಅಷ್ಟೇ.

ನಾನು ಹಿರಿಯೂರಿನ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ನನ್ನ ಅಕ್ಕ ಜವನಗೊಂಡನಹಳ್ಳಿಯಿಂದ ಸ್ವಲ್ಪ ಒಳಗಿರುವ ಊರಿಗೆ ಮದುವೆಯಾಗಿ ಹೋದವಳು. ನಮ್ಮ ತವರು ಹೊಸದುರ್ಗದ ಕಡೆ. ಅಲ್ಲಿ ಅವ್ವ ಸಾಕುತ್ತಿದ್ದ ಕೋಳಿಗಳ ಕತ್ತಿನಲ್ಲಿ ಒಂದೇ ಒಂದು ಪುಕ್ಕ ಇರುತ್ತಿರಲಿಲ್ಲ. ತಲೆಯ ಮೇಲೊಂದಿಷ್ಟು ಜುಟ್ಟು, ಮೈ ತುಂಬ ಪುಕ್ಕ, ನಡುವೆ ಕೆಂಪಗೆ ಬರೀ ಚರ್ಮ. ಯಾರೋ ಕೊಯ್ಯಲು ಹಿಡಿದು, ಕತ್ತು ಸುಲಿಯುವಷ್ಟರಲ್ಲಿ ಕರೆ ಬಂತೆಂದು ಎದ್ದು ಹೋದ ಹಾಗೆ ಕಾಣುತ್ತಿದ್ದವು. ಮನೆಗೆ ಬಂದ ನೆಂಟರು ಆಡಿಕೊಂಡರೆ ಅವ್ವನಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. "ಬಿಸ್ಲಿಗೆ ಅಂಗಿ ಗುಂಡಿ ಬಿಚ್ಕಂಡವೆ, ನಿಮಗೇನು ನೋವು?" ಎನ್ನುತ್ತಿದ್ದಳು. ಅವಳು ಹೇಳುತ್ತಿದ್ದುದು ತಮಾಷೆಗಲ್ಲ. ಏಪ್ರಿಲ್ ತಿಂಗಳಲ್ಲಿ ಅಕ್ಕಪಕ್ಕದ ಮನೆಗಳ ಕೋಳಿಗಳು ಬಾಯಿ ಬಿಟ್ಟುಕೊಂಡು ನೆರಳಿಗೆ ಬಿದ್ದಿದ್ದರೆ ನಮ್ಮವು ತಿಪ್ಪೆ ಕೆದರುತ್ತಾ ಆರಾಮಾಗಿ ಓಡಾಡಿಕೊಂಡು ಇರುತ್ತಿದ್ದವು. ನಮ್ಮ ಬಿಸಿಲಿಗೆಂದೇ ಹುಟ್ಟಿದ ಜಾತಿ ಅದು.

ಅವ್ವ ಹಾಸಿಗೆ ಹಿಡಿದ ಮೇಲೆ ಕೋಳಿಗಳನ್ನು ಕೇಳುವವರಿರಲಿಲ್ಲ. ನಾಯಿಗೆ ಕೆಲವು, ಕೊಕ್ಕರೆ ರೋಗಕ್ಕೆ ಕೆಲವು. ಅವ್ವ ತೀರಿಕೊಳ್ಳುವ ಹೊತ್ತಿಗೆ ಉಳಿದದ್ದು ಒಂದು ಮುದಿ ಹೇಂಟೆ. ತಿಥಿ ಮುಗಿದ ಮರುದಿನ ಅವ್ವನ ಸಾಮಾನು ಪಾಲಾದಾಗ ನನಗೊಂದು ಹಿತ್ತಾಳೆ ಚೊಂಬು ಬಂತು. ಅಕ್ಕ ಸೀರೆಯನ್ನೂ ಪಾತ್ರೆಯನ್ನೂ ಮುಟ್ಟಲಿಲ್ಲ. "ನಂಗೆ ಕೋಳಿ ಸಾಕು," ಎಂದಳು. ಕೈಚೀಲದಲ್ಲಿ ಅದನ್ನು ಕೂರಿಸಿ, ಬೋಳು ಕತ್ತು ಹೊರಗೆ ಇಣುಕುವ ಹಾಗೆ ಬಿಟ್ಟುಕೊಂಡು ಬಸ್ಸು ಹತ್ತಿದಳು. ಕಂಡಕ್ಟರು, "ಏನಕ್ಕ, ಅರ್ಧ ಸುಲ್ಸಿಕೊಂಡೇ ತಂದಿದೀಯ?" ಎಂದದ್ದಕ್ಕೆ ಬಸ್ಸಿಗೆ ಬಸ್ಸೇ ನಕ್ಕಿತು. ಅವ್ವ ಸತ್ತಾಗ ಅಳದ ಅಕ್ಕ ಆಗ ಅತ್ತಳು. ಅತ್ತದ್ದು ಕಂಡಕ್ಟರಿನ ಮಾತಿಗಲ್ಲ ಎಂದು ನನಗೆ ಗೊತ್ತಿತ್ತು, ಪಾಪ ಆ ಕಂಡಕ್ಟರಿಗೆ ಗೊತ್ತಿರಲಿಲ್ಲ. ಹಿರಿಯೂರು ಬರುವವರೆಗೂ ಅವನು ನಮ್ಮ ಸೀಟಿನ ಕಡೆ ಬರಲೇ ಇಲ್ಲ.

ಆ ಹೇಂಟೆಗೆ ವಯಸ್ಸಾಗಿತ್ತು. ಮೊಟ್ಟೆ ಇಟ್ಟರೆ ಇಟ್ಟಿತು, ಇಲ್ಲದಿದ್ದರೆ ಇಲ್ಲ. ಅಕ್ಕನ ಊರಿನಲ್ಲಾಗಲಿ ಸುತ್ತಮುತ್ತಲಾಗಲಿ ಬೋಳುಗತ್ತಿನ ಹುಂಜ ಇರಲಿಲ್ಲ. ಇದ್ದದ್ದು ಪಕ್ಕದ ಮನೆಯ ಮಾಮೂಲಿ ಹುಂಜ. ಆದರೂ ಅಕ್ಕ ಒಂದೊಂದೇ ಮೊಟ್ಟೆಯನ್ನು ರಾಗಿಯ ಡಬ್ಬದಲ್ಲಿ ಹುಗಿದಿಟ್ಟು, ಆ ಮಳೆಗಾಲದ ಹೊತ್ತಿಗೆ ಒಂದು ಸಣ್ಣ ಕಾವಿಗೆ ಆಗುವಷ್ಟು ಕೂಡಿಸಿದಳು. ಮರಿಗಳು ಹೊರಬಂದ ದಿನ ನಾನು ತರಗತಿಯಲ್ಲಿದ್ದೆ. ಮೂರು ಸಲ ಫೋನು ಹೊಡೆದುಕೊಂಡಿತು. ಯಾರೋ ಹೋದರೇನೋ ಎಂದು ಹೊರಗೆ ಬಂದು ಎತ್ತಿದರೆ, "ಲೇ, ಅವ್ವನ ಕೋಳಿ ಮರಿ ಮಾಡ್ತು ಕಣೆ! ಮೂರು ಬೋಳುಗತ್ತಿನವು ಅವೆ. ನಂಗೊತ್ತಿತ್ತು, ಬಂದೇ ಬರ್ತಾವೆ ಅಂತ!" ಎಂದು ಕೂಗುತ್ತಿದ್ದಳು. ಉಳಿದ ನಾಕೈದಕ್ಕೆ ಕತ್ತಿನ ತುಂಬ ಹತ್ತಿಯಂಥ ಪುಕ್ಕ. ಅವುಗಳ ಬಗ್ಗೆ ಅವಳಿಗೆ ಅಷ್ಟೇನೂ ಉತ್ಸಾಹವಿರಲಿಲ್ಲ.

ಆ ಭಾನುವಾರವೇ ನಾನು ನೋಡಲು ಹೋದೆ. ಮೂರು ಬೋಳುಗತ್ತಿನ ಮರಿಗಳು, ಹೆಬ್ಬೆರಳಿಗಿಂತ ಒಂದಿಷ್ಟು ದಪ್ಪ, ಅಮ್ಮನ ಕಾಲಿನ ಸಂದಿಯಲ್ಲಿ ಓಡಾಡುತ್ತಿದ್ದವು. ಮುದಿ ಹೇಂಟೆ ನೆಲ ಕೆದರಿ, ಲೊಚ್ ಲೊಚ್ ಎಂದು ಕರೆದು, ಸಿಕ್ಕಿದ್ದನ್ನು ಕೊಕ್ಕಿನಿಂದ ಎತ್ತಿ ಅವುಗಳ ಮುಂದೆ ಹಾಕುತ್ತಿತ್ತು. ಅಕ್ಕ ಹೊಸ್ತಿಲ ಮೇಲೆ ಕೂತು ನೋಡಿದ್ದೇ ನೋಡಿದ್ದು. ಒಂದಾದರೂ ಹೇಂಟೆಯಾಗಿ ಉಳಿದರೆ ಅವ್ವನ ಮನೆಯದು ಏನೋ ಒಂದು ಇನ್ನೂ ಮುಂದುವರಿಯುತ್ತದೆ ಎಂಬುದು ಅವಳ ಮನಸ್ಸಿನಲ್ಲಿತ್ತು. ಬಾಯಿ ಬಿಟ್ಟು ಹೇಳಿಯೂ ಹೇಳಿದಳು. ನಾನು, "ಕೋಳಿನ ಇಷ್ಟೊಂದು ಹಚ್ಕೋಬ್ಯಾಡ ಅಕ್ಕ" ಎಂದೆ. ಹೇಳುತ್ತಲೇ ಒಂದು ಮರಿಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ.

ಆಮೇಲೆ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಬಂದರೆ ಒಂದು ಗಂಟೆ ಬಡಿದು, ಮರುದಿನ ಏನೂ ಗೊತ್ತಿಲ್ಲದ ಹಾಗೆ ಬಿಸಿಲು ಕಾಯಿಸುವ ಮಳೆ. ಈ ಸಲದ್ದು ಹಾಗಲ್ಲ, ಯಾವುದೋ ಬೇರೆ ಜಿಲ್ಲೆಯದು ದಾರಿ ತಪ್ಪಿ ಬಂದ ಹಾಗಿತ್ತು. ಶೇಂಗಾ ಹೊಲದಲ್ಲೇ ಮೊಳೆಯಿತು. ಗೋಡೆಗಳು ನೀರು ಕುಡಿದು ಕಪ್ಪಾದವು. ಮರಿಗಳಿಗೆ ರೆಕ್ಕೆ ಬಲಿಯುತ್ತಿದ್ದ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ಪುಕ್ಕದ ಮರಿಗಳಲ್ಲೊಂದು ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ಮೂಲೆಯಲ್ಲಿ ನಿಂತಿತ್ತಂತೆ. ಸಂಜೆಗೆ ಸತ್ತಿತು. ಹಿಕ್ಕೆಯಲ್ಲಿ ರಕ್ತ ಇತ್ತು. ಅಕ್ಕ ಜವನಗೊಂಡನಹಳ್ಳಿಗೆ ಹೋಗಿ ದನಕರುಗಳ ಔಷಧಿ ಅಂಗಡಿಯಲ್ಲಿ ಕೇಳಿದಳು. ಅಂಗಡಿಯವನು ನೀರಿಗೆ ಹಾಕುವ ಒಂದು ಪುಡಿ ಕೊಟ್ಟು, "ರಕ್ತಭೇದಿ ಇದು. ಗೂಡು ಚೆನ್ನಾಗಿ ಕ್ಲೀನಾಗಿ ಇಟ್ಕಳ್ರಿ" ಅಂದ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಎರಡು ಮೂರು ದಿನ ಬಿಟ್ಟು ಎರಡನೆಯದು ಸತ್ತಾಗ ಅಕ್ಕ ಅದನ್ನು ಹೂಳಲಿಲ್ಲ. ಹಳೇ ಪೇಪರಿನಲ್ಲಿ ಸುತ್ತಿ, ಕೈಚೀಲದಲ್ಲಿ ಇಟ್ಟುಕೊಂಡು, ಬಸ್ಸು ಹತ್ತಿ ಸೀದಾ ನನ್ನ ಕಾಲೇಜಿಗೆ ಬಂದಳು. ಶನಿವಾರ ಮಧ್ಯಾಹ್ನ, ಮಕ್ಕಳೆಲ್ಲ ಹೋಗಿದ್ದರು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ನೀನು ಇದನ್ನೇ ಅಲ್ವಾ ಓದಿದ್ದು? ನೋಡು ಏನಾಗೈತೆ" ಎಂದಳು. ಊಟ ಮಾಡುತ್ತಿದ್ದ ಇತಿಹಾಸದ ಮೇಡಂ ಡಬ್ಬಿ ಮುಚ್ಚಿ ಎದ್ದುಹೋದರು.

ಹೌದು, ನಾನು ಓದಿದ್ದು ಅದನ್ನೇ. ಎಂ.ಎಸ್ಸಿ. ಓದುವಾಗ ಹಕ್ಕಿಗಳ ಕರುಳಿನ ಏಕಕೋಶ ಜೀವಿಗಳೆಂದರೆ ನನಗೆ ಹುಚ್ಚು. ಕೋಳಿ ಅಂಗಡಿಯಿಂದ ಕರುಳು ತಂದು ಸ್ಲೈಡು ಮಾಡಿಕೊಂಡು ಗಂಟೆಗಟ್ಟಲೆ ನೋಡುತ್ತಿದ್ದೆ. ಚಿತ್ರ ಬರೆದು ಶಹಬ್ಬಾಸ್ ಅನ್ನಿಸಿಕೊಂಡಿದ್ದೆ. ಎಷ್ಟು ಚೆಂದ ಅನ್ನಿಸುತ್ತಿತ್ತು ಎಂದು ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಅಸಹ್ಯವೂ ಸರಿಯಲ್ಲವೇನೋ. ಅದು ಚೆಂದವಾಗಿಯೇ ಇತ್ತು.

ಲ್ಯಾಬಿನ ಬಾಗಿಲು ತೆಗೆದು, ಮರಿಗೆ ಅಂಟಿದ್ದ ಹಿಕ್ಕೆಯ ಒಂದು ಚೂರನ್ನು ನೀರಿನಲ್ಲಿ ಕದಡಿ, ಗಾಜಿಗೆ ಹಚ್ಚಿ ಸೂಕ್ಷ್ಮದರ್ಶಕಕ್ಕೆ ಇಟ್ಟೆ. ಇರದಿರಲಿ ಎಂದುಕೊಂಡೇ ಕಣ್ಣಿಟ್ಟೆ. ಇದ್ದವು. ದುಂಡಗೆ, ಹೊಳಪಾದ ಎರಡು ಪದರದ ಚಿಪ್ಪು, ಒಳಗೊಂದು ಉಂಡೆ. ಅಕ್ಕ ನನ್ನನ್ನು ಸರಿಸಿ ತಾನೂ ನೋಡಿದಳು. ಒಂದು ಕಣ್ಣು ಮುಚ್ಚಲು ಬಾರದೆ ಸೆರಗಿನಿಂದ ಮುಚ್ಚಿಕೊಂಡಳು.

"ಮೊಟ್ಟೆ ಇದ್ದಂಗೆ ಐತಲ್ಲೇ!"

"ಮೊಟ್ಟೆನೇ ಅನ್ಕೋ. ಹಿಕ್ಕೆ ಜೊತೆ ಹೊರಗೆ ಬೀಳ್ತೈತೆ. ಆವಾಗ ಅದ್ರಿಂದ ಏನೂ ಆಗಲ್ಲ. ನೆಲ ಹಸಿ ಇದ್ರೆ, ಒಂದಿಷ್ಟು ಬೆಚ್ಚಗೆ ಇದ್ರೆ, ಒಂದೆರಡು ದಿನಕ್ಕೆ ಒಳಗಿನ ಉಂಡೆ ನಾಕು ಪಾಲಾಗ್ತೈತೆ. ಒಂದೊಂದು ಪಾಲಲ್ಲಿ ಮತ್ತೆ ಎರಡು. ಆಮೇಲೆ ಅದನ್ನ ಮರಿ ಕುಕ್ಕಿದ್ರೆ ಹೊಟ್ಟೆಗೆ ಹೋಗಿ ಚಿಪ್ಪು ಒಡೆದು ಕರುಳೊಳಗೆ ಸೇರ್ಕಂತಾವೆ."

"ಸೇರ್ಕಂಡು?"

"ಅಲ್ಲೂ ಪಾಲಾಗ್ತಾವೆ."

ಅಕ್ಕ ಕಣ್ಣು ತೆಗೆದು ನನ್ನ ಮುಖ ನೋಡಿದಳು. "ಪಾಲಾದ್ರೆ ಕಮ್ಮಿ ಆಗ್ಬೇಕಲ್ಲೇ? ನಮ್ಮ ಮಾವನ ಹೊಲ ಪಾಲಾಗಿ ಪಾಲಾಗಿ ಈಗ ಎತ್ತು ತಿರುಗ್ಸಾಕೂ ಜಾಗ ಇಲ್ಲ."

ನಾನು ತರಗತಿಯಲ್ಲಿ ಹೇಳುವ ಮಾತು 'ಕೋಶವಿಭಜನೆ'. ಆ ಮಾತನ್ನು ಮನೆಯ ಕನ್ನಡಕ್ಕೆ ಇಳಿಸಿದರೆ ಪಾಲು ಎಂದೇ ಆಗುತ್ತದೆ. ಪಾಲು ಎಂದರೆ ನಮ್ಮಲ್ಲಿ ಇದ್ದದ್ದು ಕರಗುವುದು. ಕಾಗದ ತೆಗೆದು ಬರೆದು ತೋರಿಸಿದೆ. ಒಂದು ಕಣ ಕರುಳಿನ ಒಂದು ಕೋಶದೊಳಗೆ ಹೊಕ್ಕು ಕೂರುತ್ತದೆ. ತಕ್ಷಣ ಒಡೆಯುವುದಿಲ್ಲ, ಅದೇ ಅದರ ಜಾಣತನ. ಮೈ ಒಂದೇ ಇರುತ್ತದೆ, ಒಳಗಿನ ಕೇಂದ್ರ ಮಾತ್ರ ಎರಡಾಗಿ, ನಾಲ್ಕಾಗಿ, ಎಂಟಾಗಿ, ಸದ್ದಿಲ್ಲದೆ ನೂರಾರು ಆಗುತ್ತದೆ. ಆಮೇಲೆ ಒಂದು ಹೊತ್ತಿಗೆ ಇಡೀ ಮೈ ಒಟ್ಟಿಗೇ ಪಾಲಾಗಿ ಅಷ್ಟೂ ಮರಿಕಣಗಳು ಕೋಶ ಹರಿದುಕೊಂಡು ಹೊರಗೆ ಬರುತ್ತವೆ. ಪ್ರತಿಯೊಂದೂ ಮತ್ತೊಂದು ಕೋಶ ಹುಡುಕಿಕೊಂಡು ಹೋಗಿ ಅದನ್ನೇ ಮಾಡುತ್ತದೆ. ಎರಡನೆಯ ಸಲ ಹರಿಯುವಾಗ ಕರುಳೇ ಹರಿಯುತ್ತದೆ. ರಕ್ತ ಕಾಣುವುದು ಆಗ.

"ಕಮ್ಮಿ ಆಗಲ್ಲ ಅಕ್ಕ. ಒಂದೊಂದು ಪಾಲೂ ತಿಂದು ತಿಂದು ಪೂರ್ತಿ ಆಗ್ತೈತೆ."

"ಏನು ತಿಂದು?"

"ಮರಿನ."

ಅವಳು ಕಾಗದದಲ್ಲಿ ನಾನು ಮೊದಲು ಬರೆದ ಕಣದ ಮೇಲೆ ಬೆರಳಿಟ್ಟಳು. "ಹಂಗಾದ್ರೆ ಹೆತ್ತಿದ್ದು? ಮೊದ್ಲು ಒಳಗೆ ಹೋಗಿತ್ತಲ್ಲ, ಅದು ಏನಾಗ್ತೈತೆ?" ಎಂದಳು. ಇಷ್ಟು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನಗೆ ಇದನ್ನು ಕೇಳಿರಲಿಲ್ಲ. ಅದು ಇರುವುದಿಲ್ಲ, ಪೂರ್ತಿ ಪಾಲಾಗಿ ಹೋಗುತ್ತದೆ, ಸಾಯುವುದೂ ಇಲ್ಲ ಉಳಿಯುವುದೂ ಇಲ್ಲ ಎಂದೆ. ಅಕ್ಕ ಪೇಪರಿನ ಗಂಟನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು, "ನಡಿ, ಊರಿಗೆ ಹೋಗಾಣ. ಬೋಳುಗತ್ತಿನವು ಇನ್ನೂ ಚೆನ್ನಾಗೇ ಅವೆ" ಎಂದಳು.

ಬಸ್ಸಿನಲ್ಲಿ ನಾನು ಅವಳಿಗೆ ಒಂದು ವಿಷಯ ಹೇಳಲಿಲ್ಲ. ಆ ಪುಡಿ ಚೆನ್ನಾಗಿ ಕೆಲಸ ಮಾಡುವುದು ಮೊದಲ ಪಾಲಿನ ಹೊತ್ತಿಗೆ. ಆಗ ಮರಿಗಳು ಕುಣಿದಾಡಿಕೊಂಡು ಇರುತ್ತವೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಔಷಧಿಯ ಹೊತ್ತು ಬಹುಪಾಲು ಮುಗಿದಿರುತ್ತದೆ. ಬೋಳುಗತ್ತಿನವು ಚೆನ್ನಾಗಿವೆ ಎಂದರೆ ಏನರ್ಥ ಎಂದು ನನಗೆ ಗೊತ್ತಿರಲಿಲ್ಲ. ಒಳಗೆ ಇನ್ನೂ ಏನೂ ಹೊಕ್ಕಿಲ್ಲ ಎಂದೋ, ಸದ್ದಿಲ್ಲದೆ ನೂರಾರು ಆಗುತ್ತಿದೆ ಎಂದೋ.

ಊರಿಗೆ ಹೋಗಿ ಗೂಡು ನೋಡಿದವಳು ಅಲ್ಲೇ ನಿಂತುಬಿಟ್ಟೆ. ದೇವರ ಕೋಣೆಯೂ ಅಷ್ಟು ಚೊಕ್ಕಟವಾಗಿರುವುದಿಲ್ಲ. ಕೋಳಿಗೂಡಿನ ನೆಲಕ್ಕೆ ಸಗಣಿ ಹಾಕಿ ಸಾರಿಸಿದ್ದಳು, ಕೈಬೆರಳಿನ ಗೆರೆಗಳು ಸಾಲಾಗಿ ಕಾಣುವ ಹಾಗೆ, ನೀಟಾಗಿ. ಬಾಗಿಲ ಮುಂದೆ ಒಂದು ಪುಟ್ಟ ರಂಗೋಲಿಯನ್ನೂ ಎಳೆದಿದ್ದಳು. ನೆಲ ಹಸಿ ಹಸಿಯಾಗಿ ಹೊಳೆಯುತ್ತಿತ್ತು. ಕ್ಲೀನಾಗಿ ಇಡಿ ಎಂದ ಅಂಗಡಿಯವನ ಮಾತು ಅಕ್ಕನ ಕೈಯಲ್ಲಿ ಸಗಣಿನೀರಾಗಿತ್ತು. ನಮ್ಮ ಮನೆಗಳಲ್ಲಿ ಹುಟ್ಟಿದ ಯಾವ ಹೆಂಗಸಿಗೆ ಚೊಕ್ಕಟ ಮಾಡು ಎಂದರೂ ಅವಳು ಮಾಡುವುದು ಅದನ್ನೇ. ಅಂಗಡಿಯವನು ಹೇಳಿದಂದಿನಿಂದ ಅಕ್ಕ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಸಾರಿಸುತ್ತಿದ್ದಳು. ಹಸಿ ನೆಲ, ಸಗಣಿಯ ಬೆಚ್ಚನೆ, ಮೇಲೆ ಮೋಡ. ಲ್ಯಾಬಿನಲ್ಲಿ ಅವುಗಳನ್ನು ಬೆಳೆಸಬೇಕೆಂದು ಕೂತರೂ ಇದಕ್ಕಿಂತ ಚೆನ್ನಾಗಿ ಮಾಡಲು ನನಗೆ ಬರುತ್ತಿರಲಿಲ್ಲ.

"ನಿಲ್ಸು ಅಕ್ಕ! ನೀರು ಮುಟ್ಟಿಸ್ಬ್ಯಾಡ ಅದಕ್ಕೆ!" ಎಂದು ಅರಚಿದೆ.

ಅವಳು ಬೆಚ್ಚಿಬಿದ್ದಳು. "ಅವ್ವ ಹಿಂಗೇ ಅಲ್ವೇನೆ ಮಾಡ್ತಿದ್ದದ್ದು? ದಿನಾ ಬೆಳಗೆದ್ದು ಮೊದ್ಲು ಕೋಳಿಗೂಡು ಸಾರ್ಸಿ ಆಮೇಲೆ ಮನೆ ಬಾಗ್ಲಿಗೆ ನೀರು ಹಾಕ್ತಿದ್ಲು. ಒಂದು ದಿನಾನಾದ್ರೂ ಅವ್ವನ ಕೋಳಿಗೆ ರಕ್ತಭೇದಿ ಬಂದಿದ್ದು ನೋಡಿದೀಯ ನೀನು?"

ನೋಡಿರಲಿಲ್ಲ. ಅವ್ವ ಸಾರಿಸಿ ಬೆನ್ನು ನೆಟ್ಟಗೆ ಮಾಡುವುದರೊಳಗೆ ನೆಲ ಒಣಗಿ ಬಿರುಕು ಬಿಡುತ್ತಿತ್ತು. ಅವ್ವನ ಕೋಳಿಗಳನ್ನು ಕಾದದ್ದು ಸಗಣಿಯಲ್ಲ, ನಾವು ದಿನಬೆಳಗಾದರೆ ಶಾಪ ಹಾಕುತ್ತಿದ್ದ ಬಿಸಿಲು. ಒಣ ನೆಲದಲ್ಲಿ ಆ ಚಿಪ್ಪಿನೊಳಗಿನ ಉಂಡೆ ಪಾಲಾಗದೆ ಸುಕ್ಕಿಹೋಗುತ್ತದೆ. ಇಷ್ಟನ್ನು ಅಕ್ಕನಿಗೆ ಬಿಡಿಸಿ ಹೇಳಿದೆ. ಅವಳು ಸಗಣಿಯ ಬಕೆಟ್ಟನ್ನು ತಿಪ್ಪೆಗೆ ಕವುಚಿ ಬಂದಳು. ತನ್ನ ಕೈಗಳನ್ನು ಸೆರಗಿಗೆ ಒರೆಸಿಕೊಂಡದ್ದೇ ಒರೆಸಿಕೊಂಡದ್ದು. ನಾನು ಹೇಳಬಾರದಿತ್ತು ಅನ್ನಿಸಿತು. ಹೇಳದೆ ಇರುವುದು ಹೇಗೆ?

ಆಮೇಲೆ ನಾವಿಬ್ಬರೂ ಮಾಡಿದ ಕೆಲಸ ನೋಡಿದವರು ನಮಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಗೂಡಿನ ಮೇಲ್ಮಣ್ಣು ಕೆರೆದು ದೂರ ಹಾಕಿದೆವು. ಒಲೆಯ ಬೂದಿಯನ್ನೆಲ್ಲ ತಂದು ಸುರಿದೆವು. ಸಾಲದ್ದಕ್ಕೆ ಓಣಿಯ ಮನೆ ಮನೆಗೆ ಹೋಗಿ, "ಒಣ ಮಣ್ಣು ಐತೇನಕ್ಕ?" ಎಂದು ಕೇಳಿದೆವು. ಹಿರಿಯೂರು ತಾಲ್ಲೂಕಿನಲ್ಲಿ ಒಣ ಮಣ್ಣಿಗೆ ಭಿಕ್ಷೆ ಎತ್ತುವ ಕಾಲ ಬರುತ್ತದೆಂದು ಯಾರು ತಿಳಿದಿದ್ದರು! ಕೊನೆಗೆ ಭಾವ ಅಟ್ಟದ ಮೇಲಿದ್ದ ಶೇಂಗಾ ಸಿಪ್ಪೆಯ ಚೀಲ ಇಳಿಸಿಕೊಟ್ಟರು. ಅದು ಒಣಗಿತ್ತು. ಅದನ್ನೇ ದಪ್ಪಗೆ ಹರಡಿದೆವು.

ಇನ್ನೊಂದು ಕೆಲಸ ಉಳಿದಿತ್ತು. ದೊಡ್ಡ ಕೋಳಿಗಳು ಚಿಕ್ಕಂದಿನಲ್ಲೇ ಈ ರೋಗವನ್ನು ಒಂದಿಷ್ಟು ಕಂಡು ಗಟ್ಟಿಯಾಗಿರುತ್ತವೆ. ಅವಕ್ಕೆ ಏನೂ ಆಗುವುದಿಲ್ಲ, ಆದರೆ ಅವುಗಳ ಹಿಕ್ಕೆಯಲ್ಲಿ ಆ ಚಿಪ್ಪುಗಳು ಬೀಳುತ್ತಿರುತ್ತವೆ. ಆ ಮುದಿ ಹೇಂಟೆ ನೆಲ ಕೆದರಿ, ಕೊಕ್ಕಿನಿಂದ ಎತ್ತಿ, ಕರೆದು ಕರೆದು ಮರಿಗಳಿಗೆ ತಿನ್ನಿಸುತ್ತಿದ್ದದ್ದು ಏನೆಂದು ನನಗೀಗ ಗೊತ್ತಾಗಿತ್ತು. "ತಾಯಿನೂ ಮರಿನೂ ಬೇರೆ ಮಾಡ್ಬೇಕು ಅಕ್ಕ," ಎಂದೆ. ಅಕ್ಕ, "ಯಾಕೆ?" ಎಂದು ಕೇಳಿದಳು. ಹೇಳಿದೆ. ಅವಳು ಹೇಂಟೆಗೆ ಕೈ ಹಾಕಲು ಒಪ್ಪಲಿಲ್ಲ. ಕೊನೆಗೆ ಭಾವನೇ ಹೇಂಟೆಯನ್ನು ಹಿಡಿದು ಅಂಗಳದ ಆ ತುದಿಯಲ್ಲಿ ಒಂದು ಮಂಕರಿ ಕವುಚಿ ಅದರೊಳಗೆ ಹಾಕಿದರು. ಮರಿಗಳು ಗೂಡಿನಲ್ಲಿ ಚಿಂವ್ ಎನ್ನುವುದು, ಇದು ಮಂಕರಿಯೊಳಗಿಂದ ಲೊಚ್ ಲೊಚ್ ಎಂದು ಕರೆಯುವುದು. ಮಳೆಯ ಸದ್ದಿನಲ್ಲೂ ಅದು ಕೇಳುತ್ತಿತ್ತು. ಅಕ್ಕ ಒಳಗೆ ಹೋಗಿ ಟಿವಿ ಹಾಕಿ ಜೋರಾಗಿ ಇಟ್ಟಳು. ಅವಳು ಟಿವಿ ನೋಡುವವಳೇ ಅಲ್ಲ.

ಮರುದಿನ ಭಾನುವಾರ ಮೊದಲ ಬೋಳುಗತ್ತಿನ ಮರಿ ರೆಕ್ಕೆ ಇಳಿಬಿಟ್ಟಿತು. ಪುಡಿಯ ನೀರನ್ನು ಹನಿ ಹನಿಯಾಗಿ ಕೊಕ್ಕಿಗೆ ಬಿಟ್ಟೆವು. ಒಲೆಯ ಹತ್ತಿರ ಬಟ್ಟೆಯಲ್ಲಿ ಸುತ್ತಿ ಇಟ್ಟೆವು. ನಡುಹಗಲಿಗೆ ಅದು ಹೋಯಿತು. ಎರಡನೆಯದು ಅದರ ಹಿಂದೆಯೇ. ಬಿಸಿಲಿಗೆಂದು ಬಿಚ್ಚಿಕೊಂಡ ಕತ್ತುಗಳು ಆ ಚಳಿಗೆ ನೀಲಿಗಟ್ಟಿದ್ದವು. ಮೂರನೆಯದನ್ನು ನಾನೇ ಕೈಯಲ್ಲಿ ಹಿಡಿದು ಕೂತೆ. ಒಂದು ಹಿಡಿಯಷ್ಟು ಮೈ. ಅದರ ಹೊಟ್ಟೆ ನನ್ನ ಬೆರಳಿಗೆ ಬೆಚ್ಚಗೆ ತಾಗುತ್ತಿತ್ತು. ಆ ಚರ್ಮದ ಆ ಕಡೆ, ನನ್ನ ಬೆರಳಿನಿಂದ ಅಕ್ಕಿಕಾಳಿನ ದೂರದಲ್ಲಿ, ಏನು ನಡೆಯುತ್ತಿದೆ ಎಂದು ನನಗೆ ಪ್ರತಿ ಹಂತವೂ ಗೊತ್ತಿತ್ತು. ಯಾವುದು ಮೊದಲು ಪಾಲಾಗುತ್ತದೆ, ಯಾವುದು ಆಮೇಲೆ, ಹೇಗೆ ಬಾಳೆಕಾಯಿಯ ಆಕಾರದಲ್ಲಿ ಹೊರಗೆ ಬರುತ್ತವೆ, ಎಲ್ಲ. ಬಣ್ಣದ ಸೀಮೆಸುಣ್ಣ ಕೊಟ್ಟರೆ ಕಣ್ಣು ಮುಚ್ಚಿ ಬರೆಯುತ್ತಿದ್ದೆ. ಅದರಲ್ಲಿ ಒಂದನ್ನೂ ನಿಲ್ಲಿಸಲು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಅಷ್ಟು ಅಸಹಾಯಕಳಾಗಿ ನಾನು ಅವ್ವನ ಹಾಸಿಗೆಯ ಪಕ್ಕದಲ್ಲೂ ಕೂತಿರಲಿಲ್ಲ. ಅಲ್ಲಿ ಕೊನೇಪಕ್ಷ ಡಾಕ್ಟರು ಇದ್ದರು, ಅವರನ್ನು ಬೈಯಬಹುದಿತ್ತು.

"ಏನಾದ್ರೂ ಮಾಡೇ," ಎಂದಳು ಅಕ್ಕ.

"ಏನು ಮಾಡ್ಲಿ ಅಕ್ಕ?"

"ನೀನು ಓದಿದೀಯಲ್ಲ."

ಅವಳು ಚುಚ್ಚಿ ಆಡಿದ ಮಾತಲ್ಲ ಅದು. ನಂಬಿ ಆಡಿದ್ದು. ಅದಕ್ಕೇ ನನಗೆ ತಡೆದುಕೊಳ್ಳಲು ಆಗಲಿಲ್ಲ. ಮರಿಯನ್ನು ಅವಳ ಮಡಿಲಿಗೆ ಹಾಕಿ ಹಿತ್ತಲಿಗೆ ಹೋಗಿ ಅತ್ತೆ. ವಾಪಸ್ಸು ಬಂದಾಗ ಅವಳು ಸೆರಗಿನ ತುದಿಯಲ್ಲಿ ಅದರ ಕತ್ತು ಮುಚ್ಚಿ ಕೂತಿದ್ದಳು. ಮುಚ್ಚಿದ್ದನ್ನು ನೋಡಿಯೇ ತಿಳಿಯಿತು.

ಅದಾದ ಮೇಲೆ ಕಾಲೇಜಿನಲ್ಲಿ ಮಲೇರಿಯಾ ಪಾಠ ಬಂತು. ಅದೂ ಇದರ ದಾಯಾದಿಯೇ. ರಕ್ತಕಣದೊಳಗೆ ಕೂತು ಪಾಲಾಗಿ ಒಡೆದುಕೊಂಡು ಬರುವ ಜಾತಿ. ಪ್ರತಿ ವರ್ಷ ನಾನು ಅದನ್ನು ಗುಲಾಬಿ ಬಣ್ಣದಲ್ಲಿ ಎಷ್ಟು ಸಂಭ್ರಮದಿಂದ ಬರೆಯುತ್ತಿದ್ದೆನೆಂದರೆ ಪಕ್ಕದ ತರಗತಿಯವರೂ ಇಣುಕಿ ನೋಡುತ್ತಿದ್ದರು. ಈ ಸಲ ದುಂಡಗೆ ಒಂದು ಗೆರೆ ಎಳೆದು ನಿಂತೆ. ಮುಂದಕ್ಕೆ ಕೈ ಹೋಗಲಿಲ್ಲ. "ಉಳಿದದ್ದು ಪುಸ್ತಕದಲ್ಲಿದೆ, ನೋಡಿಕೊಂಡು ಬರೆಯಿರಿ" ಎಂದು ಕುರ್ಚಿಗೆ ಬಂದು ಕೂತೆ. ಮಕ್ಕಳಿಗೆ ಖುಷಿಯೇ ಆಯಿತು.

ಮಳೆ ಯಾವಾಗ ನಿಂತಿತೋ ನೆನಪಿಲ್ಲ. ಬಿಸಿಲು ಬಂತು, ಕೇಳದಿದ್ದರೂ ಬರುವ ನಮ್ಮ ಬಿಸಿಲು. ಪುಕ್ಕದವುಗಳಲ್ಲೂ ಮತ್ತಷ್ಟು ಹೋಗಿ ಅಕ್ಕನ ಗೂಡಿನಲ್ಲಿ ಒಂದೇ ಒಂದು ಮರಿ ಉಳಿದಿತ್ತು. ಪುಕ್ಕದ ಕತ್ತಿನದು. ಸಾವಿನ ಬಾಯಿಗೆ ಹೋಗಿ ಬಂದು, ಒಂದಿಷ್ಟು ಕುಂಟುತ್ತಾ, ಬೆಳೆಯಿತು. ಹೇಂಟೆಯಾಯಿತು. ಮುದುಕಿ ಹೇಂಟೆ ಮತ್ತೆ ಮೊಟ್ಟೆ ಇಡಲಿಲ್ಲ. ಮುಂದಿನ ಬೇಸಗೆಯಲ್ಲಿ ಒಂದು ದಿನ ನೆರಳಿನಲ್ಲಿ ಮಲಗಿದ್ದು ಏಳಲಿಲ್ಲ. ಅಕ್ಕ ಅದನ್ನು ನುಗ್ಗೆಮರದ ಬುಡದಲ್ಲಿ ಹೂತಳು. ಕೋಳಿಯನ್ನು ಯಾರಾದರೂ ಹೂಳುತ್ತಾರಾ ಎಂದು ಭಾವ ಗೊಣಗಿದರೂ ಗುಂಡಿ ತೋಡಿಕೊಟ್ಟದ್ದು ಅವರೇ.

ಆ ಸಲ ಹೋದಾಗ ಅಕ್ಕ ಉಳಿದ ಹೇಂಟೆಯನ್ನು ಹಿಡಿದುಕೊಂಡು ಬಂದು ನನ್ನ ಮುಂದೆ ಕೂತಳು. ಬೆರಳಿನಿಂದ ಅದರ ಕತ್ತಿನ ಪುಕ್ಕ ಬಿಡಿಸಿ ಒಳಗಿನ ಚರ್ಮ ನೋಡಿದಳು.

"ಇದು ಅವ್ವನ ಕೋಳಿ ಮಗಳೇ ಅಲ್ವಾ?"

"ಹೂಂ, ಮಗಳೇ."

"ಅವ್ವನ ಮೂಗು ನಂಗೂ ಬರ್ಲಿಲ್ಲ, ನಿಂಗೂ ಬರ್ಲಿಲ್ಲ. ನನ್ನ ಮಗಳಿಗೆ ಬಂತಾ ಇಲ್ವಾ? ಹಂಗೇ ಇದ್ರ ಮರಿಗೆ ಬೋಳುಗತ್ತು ಬರ್ತೈತೆ. ಒಳಗೆ ಇದ್ದೇ ಇರ್ತೈತೆ. ನೀನು ಪಾಠ ಮಾಡ್ತೀಯಲ್ಲ, ಬರ್ತೈತಾ ಇಲ್ವಾ ಹೇಳು."

ಪಾಠ ಮಾಡುತ್ತೇನೆ. ಅಡಗಿ ಕೂತು ಮೊಮ್ಮಕ್ಕಳಲ್ಲಿ ಕಾಣಿಸಿಕೊಳ್ಳುವ ಗುಣಗಳು ಬೇರೆ, ಇದ್ದರೆ ಕಂಡೇ ತೀರುವ ಗುಣಗಳು ಬೇರೆ. ಬೋಳುಗತ್ತು ಎರಡನೆಯ ಬಗೆಯದು. ತಾಯಿಯಿಂದ ಪಾಲಿಗೆ ಬಂದಿದ್ದರೆ ಹುಟ್ಟಿದ ದಿನವೇ ಕಾಣುತ್ತದೆ. ಕಾಣಲಿಲ್ಲವೆಂದರೆ ಬಂದಿಲ್ಲ. ಆ ಹೇಂಟೆಯ ಒಳಗೆ ಏನೂ ಅಡಗಿ ಕೂತಿಲ್ಲ. ಕರುಳಿನಲ್ಲಿದ್ದದ್ದು ತನ್ನಂಥವೇ ಸಾವಿರವನ್ನು ಬಿಟ್ಟುಹೋಯಿತು, ಮುದುಕಿಗೆ ತನ್ನಂಥದ್ದು ಒಂದನ್ನೂ ಬಿಟ್ಟುಹೋಗಲು ಆಗಲಿಲ್ಲ. ಇಷ್ಟೂ ನನ್ನ ನಾಲಿಗೆಯ ತುದಿಗೆ ಬಂತು. ಅಕ್ಕನ ಬೆರಳು ಇನ್ನೂ ಆ ಪುಕ್ಕದೊಳಗೇ ಇತ್ತು.

"ಬರ್ತೈತೆ ಅಕ್ಕ," ಎಂದೆ.

ಈಗಲೂ ಪ್ರತಿ ಸಲ ಮರಿಗಳು ಹೊರಬಂದಾಗ ಅವಳ ಫೋನು ಬರುತ್ತದೆ. ತರಗತಿಯಲ್ಲಿದ್ದರೂ ಹೊರಗೆ ಬಂದು ಎತ್ತುತ್ತೇನೆ. ಒಂದೊಂದನ್ನೂ ಎತ್ತಿ ಕತ್ತು ನೋಡಿ ಆಮೇಲೇ ಫೋನು ಮಾಡಿರುತ್ತಾಳೆ. "ಈ ಸಲನೂ ಎಲ್ಲದ್ಕೂ ಪುಕ್ಕ ಐತೆ ಕಣೆ," ಎನ್ನುತ್ತಾಳೆ. "ಮುಂದಿನ ಸಲ ನೋಡಾಣ ಅಕ್ಕ," ಎನ್ನುತ್ತೇನೆ.